ಅಲೆ ಏಣಿನ ಕವಲು

ಮಾರ್ಚ್ 4, ಸೋಮವಾರ

ಇವತ್ತು ಒಂಬತ್ತನೆಯದು ಸಿಕ್ಕಿತು. ಯಾರಿಗೂ ಹೇಳಿಲ್ಲ. ಹೇಳಿದರೆ ದೃಷ್ಟಿ ತಾಗೀತು ಎಂದು ನಂಬುವವಳಲ್ಲ ನಾನು. ಆದರೂ ಬೀರುವಿಗೆ ಬೀಗ ಹಾಕಿ ಮತ್ತೊಮ್ಮೆ ಎಳೆದು ನೋಡಿ ಬಂದೆ.

ಇಪ್ಪತ್ತೆಂಟು ವರ್ಷದಿಂದ ಈ ಸಸ್ಯಸಂಗ್ರಹಾಲಯದಲ್ಲಿ ನನ್ನದು ಒಂದೇ ಕೆಲಸ: ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳನ್ನು ನೋಡಿ, ಮೈಲಕ್ಷಣ ಹಿಡಿದು, ಯಾವುದು ಯಾವುದಕ್ಕೆ ನಂಟು ಎಂದು ಹೇಳುವುದು. ಈಗ ನನ್ನ ಮೇಜಿನ ಮೇಲಿರುವುದು ಕೊತ್ತಂಬರಿಯ ಕುಟುಂಬ. ಕ್ಯಾರೆಟ್ಟು, ಜೀರಿಗೆ, ಸೋಂಪು ಎಲ್ಲ ಅದರ ಮನೆಮಂದಿ. ಹೂವನ್ನು ನೋಡಿದರೆ ಏನೂ ತಿಳಿಯದು, ಎಲ್ಲ ಒಂದೇ ಅಚ್ಚಿನ ಪುಟ್ಟ ಕೊಡೆಗಳು. ಗುಟ್ಟಿರುವುದು ಕಾಯಿಯಲ್ಲಿ. ಕಾಯಿಯ ಮೈಮೇಲೆ ಉದ್ದಕ್ಕೆ ಏಣುಗಳಿರುತ್ತವೆ, ಉಬ್ಬಿದ ಗೆರೆಗಳು, ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ. ನಮ್ಮ ಸಂಗ್ರಹದಲ್ಲಿ ಕೊತ್ತಂಬರಿಯೊಂದರಲ್ಲಿ ಮಾತ್ರ ಕೆಲವು ಏಣು ಅಲೆ ಅಲೆಯಾಗಿ ಇಳಿಯುತ್ತವೆ. ಇಷ್ಟು ದಿನ ಹಾಗೆಂದೇ ತಿಳಿದಿದ್ದೆವು.

ಈಗ ಒಂಬತ್ತು ಕಾಡುಗಿಡಗಳಲ್ಲಿ ಅದೇ ಅಲೆ. ಎಲ್ಲ ಉತ್ತರದ ಗೋಡೆಯ ಬೀರುವಿನಲ್ಲಿ ಅಕ್ಕಪಕ್ಕ ಮಲಗಿದ್ದವು, ಯಾರೂ ನೋಡಿರಲಿಲ್ಲ. ಇವೆಲ್ಲ ಕೊತ್ತಂಬರಿಯ ದಾಯಾದಿಗಳಾದರೆ ಈ ಕುಟುಂಬದ ವಂಶವೃಕ್ಷದಲ್ಲಿ ಒಂದು ಹೊಸ ಕವಲೇ ಮೂಡುತ್ತದೆ. ಖುಷಿಯಾಗಬೇಕಿತ್ತು. ಆಗುತ್ತಿರುವುದು ಭಯ. ಇಷ್ಟು ಸುಲಭವಾಗಿ ಕಾಣುವುದು ಇಷ್ಟು ವರ್ಷ ಯಾರಿಗೂ ಯಾಕೆ ಕಾಣಲಿಲ್ಲ?

ಪಕ್ಕದ ಕೋಣೆಯ ಪಿಪೆಟ್ ಬಂದು ಇಣುಕಿದ. ನಲವತ್ತು ದಾಟಿದರೂ ಗಿಡದ ಎಲೆ ಮುಟ್ಟಿ ನೋಡದೆ ಅದರ ಡಿಎನ್‌ಎ ಮಾತ್ರ ಹಿಂಡುವ ಮನುಷ್ಯ, ಅದಕ್ಕೇ ಅವನು ಸದಾ ಹಿಡಿದಿರುವ ಹನಿ ಹೀರುವ ಕೊಳವೆಯ ಹೆಸರನ್ನೇ ಇಟ್ಟಿದ್ದೇನೆ.

"ಮೇಡಂ, ಇನ್ನೂ ಲೆನ್ಸ್ ಹಿಡ್ಕೊಂಡೇ ಇದ್ದೀರಲ್ಲ. ಒಂದು ಎಲೆ ಕೊಡಿ, ನಂಟಸ್ತನ ಎಲ್ಲ ಮೆಷಿನ್ನೇ ಹೇಳತ್ತೆ."

"ನಿನ್ನ ಮೆಷಿನ್ನು ಕರೆಂಟ್ ಹೋದ್ರೆ ಮಲಗತ್ತೆ. ನನ್ನ ಕಣ್ಣು ಮಲಗಲ್ಲ" ಎಂದೆ. ನಕ್ಕುಕೊಂಡು ಐದು ಗಿಡದ ಎಲೆಚೂರು ಒಯ್ದ.

ಈ ಡೈರಿಯ ಮುದ್ರಣವೋ ದೇವರಿಗೇ ಪ್ರೀತಿ. ಗೆರೆಗಳು ಪುಟದ ನಡುವಿಗೆ ಬರುತ್ತಲೇ ಬಗ್ಗುತ್ತವೆ. ಅಂಗಡಿಯವನಿಗೆ ಹಿಂದಕ್ಕೆ ಕೊಡಬೇಕು.

ಮಾರ್ಚ್ 7

ನಮ್ಮ ಸಂಗ್ರಹಾಲಯದ ಹೆಡ್ ಮೇಡಂಗೆ ಹೇಳಿಬಿಟ್ಟೆ. ತಿಂಗಳ ಕೊನೆಯ ಸಭೆಯಲ್ಲಿ ಹೊಸ ಕವಲನ್ನು ನಾನೇ ಮಂಡಿಸಬೇಕಂತೆ, ಹೊರಗಿನವರೂ ಬರುತ್ತಾರಂತೆ. "ನೀವು ನೋಡಿದ್ದೀರಿ ಅಂದ್ಮೇಲೆ ಮುಗೀತು" ಎಂದರು.

ಮನೆಗೆ ಬರುವಾಗ ಬಸ್ಸಿನಲ್ಲಿ ಯಾಕೋ ದೊಡ್ಡಮ್ಮನ ನೆನಪು. ಕಣ್ಣು ಹೋದ ಮೇಲೆ ಅವಳು ಗೋಡೆಗೆ ನೇತುಹಾಕಿದ ಕೋಟನ್ನು ನೋಡಿ, "ಯಾಕಪ್ಪಾ ನಿಂತೇ ಇದ್ದೀಯ, ಕೂತ್ಕೋ" ಎನ್ನುತ್ತಿದ್ದಳು. ನಾವು ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದೆವು. ಎಲ್ಲರೂ ಹೇಳುತ್ತಿದ್ದುದು ಒಂದೇ, ನಾನು ದೊಡ್ಡಮ್ಮನ ಪಡಿಯಚ್ಚು. ಮೂಗು ಅವಳದು, ಗಲ್ಲ ಅವಳದು, ಮೂಗಿನ ತುದಿಯ ಸಿಟ್ಟೂ ಅವಳದೇ.

ಬೇರೆ ಏನಾದರೂ ಬರೆಯಬೇಕು. ಇವತ್ತು ಸೆಕೆ.

ಮಾರ್ಚ್ 10, ಭಾನುವಾರ

ಹನ್ನೊಂದಾಯಿತು. ಮೊನ್ನೆ ಶುಕ್ರವಾರ ಎರಡು ಸಿಕ್ಕವು.

ಮಧ್ಯಾಹ್ನ ಊಟವಾದ ಮೇಲೆ ಎಡ ಮಗ್ಗುಲಾಗಿ ಮಲಗಿದ್ದೆ, ಅರ್ಧ ಮುಖ ದಿಂಬಿನಲ್ಲಿ ಹೂತಿತ್ತು. ನೋಡಿದರೆ ಕೋಣೆಯ ಬಾಗಿಲ ಚೌಕಟ್ಟು ನಡುವಿನಲ್ಲಿ ಒಳಕ್ಕೆ ಬಗ್ಗಿದೆ. ಗಾಬರಿಯಾಗಿ ಇವರನ್ನು ಕೂಗಿದೆ. "ರೀ, ಚೌಕಟ್ಟು ಸೊಟ್ಟಗಾಗಿದೆ ನೋಡಿ. ಗೋಡೆ ಏನಾದ್ರೂ ಕುಸೀತಿದೆಯಾ?"

ಬಡಗಿಯ ಮನೆಯಲ್ಲಿ ಇಂಥ ಮಾತು ಆಡಬಾರದಿತ್ತು. ಈ ಮನೆಯ ಒಂದೊಂದು ಬಾಗಿಲೂ ಇವರ ಕೈಯದು. ಮುಖ ಕೆಂಪಗಾಯಿತು. "ನಾನಿಟ್ಟ ಚೌಕಟ್ಟು ಸೊಟ್ಟ? ನಾನು ಸೊಟ್ಟಗಾದ್ರೂ ಅದು ಆಗಲ್ಲ ಕಣೇ" ಎಂದು ಗೊಣಗುತ್ತಾ ರಸಮಟ್ಟ ತಂದರು. ಆ ಹಳದಿ ಪಟ್ಟಿಯನ್ನು ಮರಕ್ಕೆ ಆನಿಸಿ ಹಿಡಿದರು. ಅದರ ಗಾಜಿನೊಳಗಿನ ಗುಳ್ಳೆ ಸರಿಯಾಗಿ ನಡುವಿಗೇ ನಿಂತಿತು.

"ಏನಂತೀಯ ಈಗ?"

"ನಿಮ್ಮ ರಸಮಟ್ಟಕ್ಕೂ ವಯಸ್ಸಾಗಿರಬೇಕು."

ತಮಾಷೆಗೆ ಅಂದೆ. ಅವರು ನಗಲಿಲ್ಲ. ಗುಳ್ಳೆಯನ್ನೇ ನೋಡುತ್ತಾ, "ಇಪ್ಪತ್ತೆಂಟು ವರ್ಷದಿಂದ ಕೂದಲೆಳೆ ಗೆರೆ ನೋಡೋಳು ನೀನು. ನೀನು ಹೇಳಿದ್ಮೇಲೆ ಏನೋ ಇರತ್ತೆ" ಎಂದು ರಸಮಟ್ಟ ತಿರುಗಿಸಿ ಇನ್ನೊಮ್ಮೆ ಆನಿಸಿದರು. ನಾನು ಎದ್ದು ನಿಂತು ನೋಡಿದೆ. ನಿಂತು ನೋಡಿದರೆ ಅಷ್ಟೇನೂ ಇಲ್ಲ. ಮಲಗಿದ ಕೋನದಿಂದ ಮಾತ್ರ ಹಾಗೆ ಕಾಣುತ್ತದೆ, ಅಷ್ಟೇ ಇರಬೇಕು.

ಮಾರ್ಚ್ 14, ಗುರುವಾರ

ಪಿಪೆಟ್ ಬಂದ. ಬಾಗಿಲಲ್ಲೇ ನಿಂತು ಕೈ ಹೊಸಕಿಕೊಂಡ. ಅವನು ಹೀಗೆ ನಿಂತಿದ್ದನ್ನು ನಾನು ನೋಡಿಯೇ ಇರಲಿಲ್ಲ.

"ಮೇಡಂ, ಒಂದು ಎಡವಟ್ಟಾಗಿದೆ. ನೀವು ಕೊಟ್ಟ ಐದು ಗಿಡ ಇದೆಯಲ್ಲ, ಅವು ಒಂದಕ್ಕೊಂದು ನಂಟೇ ಬರ್ತಿಲ್ಲ. ಒಂದು ಕ್ಯಾರೆಟ್ ಕಡೆ ಹೋಗತ್ತೆ, ಒಂದು ಸೋಂಪಿನ ಕಡೆ, ಇನ್ನೊಂದು ಎಲ್ಲೋ ದೂರ. ಕೊತ್ತಂಬರಿ ಹತ್ರ ಒಂದೂ ಇಲ್ಲ."

"ಹಾಗಾದ್ರೆ ಎಲ್ಲಿ ತಪ್ಪಾಯ್ತು?" ಎಂದು ಗದರಿದೆ.

"ಅದೇ ಮೇಡಂ. ನಿಮ್ಮ ಕಣ್ಣು ತಪ್ಪಲ್ಲ. ನನ್ನ ಸ್ಯಾಂಪಲ್ಲೇ ಕಲಸಿಹೋಗಿರಬೇಕು. ಮೊದಲಿಂದ ಮಾಡ್ತೀನಿ, ರಜೆ ಹಾಕಲ್ಲ ಬಿಡಿ."

"ಮಾಡು" ಎಂದೆ. ಹೇಳಬೇಕಾದ್ದು ಇನ್ನೇನೋ ಇತ್ತು. ಏನು ಎಂದು ಆಗ ಗೊತ್ತಿರಲಿಲ್ಲ ಎಂದುಕೊಳ್ಳೋಣ.

ಮಾರ್ಚ್ 15

ಬಚ್ಚಲಲ್ಲಿ ಸೋಪಿನ ನೊರೆ ಎಡಗಣ್ಣಿಗೆ ಹೋಯಿತು. ಅದನ್ನು ಮುಚ್ಚಿಕೊಂಡು ಗೋಡೆಯ ಟೈಲ್ಸ್ ನೋಡಿದೆ.

ಇದನ್ನು ಬರೆಯುವುದಿಲ್ಲ.

ಮಾರ್ಚ್ 17, ಭಾನುವಾರ

ಇವರು ಬೆಳಿಗ್ಗೆಯೇ ಬಾಗಿಲನ್ನು ಕಳಚಿ ಗೋಡೆಗೆ ಒರಗಿಸಿದ್ದಾರೆ. ಚೌಕಟ್ಟಿನ ಸುತ್ತ ಗಾರೆ ಒಡೆದಿದ್ದಾರೆ. ಕೋಣೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿದೆ.

"ಏನ್ರೀ ಇದು?"

"ಕಿತ್ತು ಹೊಸದಾಗಿ ಕೂರಿಸ್ತೀನಿ. ಮಟ್ಟ ಸರಿ ತೋರಿಸ್ತಿದೆ, ತೂಗುಗುಂಡೂ ಸರಿ ತೋರಿಸ್ತಿದೆ, ನಿನಗೆ ಮಾತ್ರ ಸೊಟ್ಟ ಕಾಣತ್ತೆ. ಅಂದ್ರೆ ನಾನು ಹಿಡಿಯೋದ್ರಲ್ಲೇ ಎಲ್ಲೋ ಐಬು."

ಆಮೇಲೆ ಕಾಫಿ ಕುಡಿಯುತ್ತಾ ಬೇರೆ ಕಡೆ ನೋಡಿಕೊಂಡು ಹೇಳಿದರು, ಹೊಸದಾಗಿ ಬಂದಿದ್ದ ಒಂದು ದೊಡ್ಡ ಮನೆಯ ಮೆಟ್ಟಿಲಿನ ಕೆಲಸವನ್ನು ತಾವೇ ಬೇಡ ಅಂದರಂತೆ. "ಕಣ್ಣಳತೆ ಹೋಯ್ತು ಕಣೇ ನಂದು. ಮೆಟ್ಟಿಲು ಅಂದ್ರೆ ಹುಡುಗಾಟ ಅಲ್ಲ, ಜನ ಬೀಳ್ತಾರೆ." ಲೋಟ ಕೆಳಗಿಟ್ಟು ಎರಡೂ ಕೈಯನ್ನು ಮುಂದೆ ಚಾಚಿ ನಡುಗುತ್ತವೆಯೇ ಎಂದು ನೋಡಿಕೊಂಡರು. ನಡುಗುತ್ತಿರಲಿಲ್ಲ.

ನಾನು ಎದುರಿಗೇ ಕೂತಿದ್ದೆ. ಒಂದು ಮಾತು ಸಾಕಿತ್ತು. ಖಾಲಿ ಲೋಟ ಎತ್ತಿಕೊಂಡು ತೊಳೆಯಲು ಹೋದೆ.

ದೊಡ್ಡಮ್ಮನೂ ಹೀಗೇ ಮಾಡಿದ್ದಳು. ಮೊದಮೊದಲು ಸೂಜಿಗೆ ದಾರ ಪೋಣಿಸಲಾಗದಿದ್ದಾಗ ದಾರ ತಂದವರನ್ನು ಬಯ್ದಳು. ಆಮೇಲೆ ಸೂಜಿಯನ್ನು ಬಯ್ದಳು. ಆಮೇಲೆ ಮನೆಯಲ್ಲಿ ಬೆಳಕೇ ಇಲ್ಲ ಎಂದಳು. ಅವಳಿಗೆ ಕಾಣುವುದಿಲ್ಲ ಎಂದು ನಮಗೆ ಗೊತ್ತಾಗುವ ಹೊತ್ತಿಗೆ ಡಾಕ್ಟರು ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಹೆದರಿದ್ದಳು, ಪಾಪ. ಅವಳು ಹೆದರಿದ್ದಳು ಎಂಬುದು ನನಗೆ ಹೊಳೆದದ್ದೇ ಇವತ್ತು.

ಮಾರ್ಚ್ 18, ಸೋಮವಾರ

ಇವತ್ತು ಎಲ್ಲ ಬರೆಯುತ್ತೇನೆ.

ಯಾರೂ ಬರುವ ಮುಂಚೆ ಕೆಲಸಕ್ಕೆ ಹೋದೆ. ದಕ್ಷಿಣದ ಗೋಡೆಯ ಬೀರು ತೆರೆದು, ಹೋದ ವರ್ಷ ನಾನೇ ನೋಡಿ, ನಾನೇ ಚಿತ್ರ ಬರೆದಿಟ್ಟ ಒಂದು ಹಾಳೆ ತೆಗೆದೆ. ಜೀರಿಗೆಯ ಹತ್ತಿರದ ನಂಟ, ಏಣು ನೆಟ್ಟಗಿರುವುದರಲ್ಲಿ ಯಾರಿಗೂ ಸಂಶಯವಿಲ್ಲದ ಗಿಡ. ಚಿತ್ರದಲ್ಲಿ ಗೆರೆಗಳು ನೆಟ್ಟಗಿವೆ. ಪೊಟ್ಟಣ ಬಿಚ್ಚಿ ಅದೇ ಕಾಯಿಯನ್ನು ಅಂಗೈಗೆ ಹಾಕಿಕೊಂಡೆ. ಎಂದಿನಂತೆ ಎಡಗಣ್ಣು ಮುಚ್ಚಿ ಬಲಗಣ್ಣಿಗೆ ಲೆನ್ಸ್ ಒತ್ತಿದೆ.

ಅಲೆ.

ಒಣಗಿದ ಕಾಯಿ ಒಂದು ವರ್ಷದಲ್ಲಿ ರೂಪ ಬದಲಿಸುವುದಿಲ್ಲ. ಅದು ನೂರು ವರ್ಷದ ಹಿಂದೆ ಯಾರೋ ಕಿತ್ತು ತಂದದ್ದು.

ಲೆನ್ಸನ್ನು ಎಡಗಣ್ಣಿಗೆ ಹಿಡಿದೆ. ಅಭ್ಯಾಸವಿಲ್ಲದ್ದರಿಂದ ರೆಪ್ಪೆ ಅದುರಿತು, ನೀರು ಬಂತು, ಮತ್ತೆ ಹಿಡಿದೆ. ಗೆರೆ ನೆಟ್ಟಗಿತ್ತು. ಬಲಕ್ಕೆ ಹಿಡಿದರೆ ಅಲೆ, ಎಡಕ್ಕೆ ಹಿಡಿದರೆ ನೇರ. ಎಷ್ಟು ಸಲ ಹಾಗೆ ಮಾಡಿದೆನೋ ಗೊತ್ತಿಲ್ಲ. ಆಮೇಲೆ ಎರಡೂ ಕಣ್ಣಿನ ಮೇಲೆ ನಂಬಿಕೆ ಹೋಯಿತು, ಯಾವುದು ಸುಳ್ಳು ಹೇಳುತ್ತಿದೆ ಎಂದು ಯಾರನ್ನು ಕೇಳುವುದು? ಹೂವನ್ನು ಸೀಳಿ ನೋಡುವ ಸೂಜಿ ತೆಗೆದುಕೊಂಡು, ಕಣ್ಣು ಮುಚ್ಚಿ, ಅದರ ಮೊನೆಯನ್ನು ಏಣಿನ ಪಕ್ಕಕ್ಕೆ ಆನಿಸಿ ಮೇಲಿನಿಂದ ಕೆಳಕ್ಕೆ ಎಳೆದೆ. ಮೊದಲು ಕೊತ್ತಂಬರಿ. ಸೂಜಿ ಆ ಕಡೆ ಈ ಕಡೆ ತೊನೆಯುತ್ತಾ ಇಳಿಯಿತು, ಬೆರಳಿಗೆ ಸರಿಯಾಗಿ ಗೊತ್ತಾಗುತ್ತದೆ. ಆಮೇಲೆ ನನ್ನ ಹನ್ನೊಂದು ಗಿಡಗಳು, ಒಂದೊಂದಾಗಿ. ಸೂಜಿ ಎಲ್ಲಿಯೂ ತೊನೆಯಲಿಲ್ಲ. ಹನ್ನೊಂದರಲ್ಲೂ ನೆಟ್ಟಗೆ ಜಾರಿ ಕೆಳಗಿಳಿಯಿತು.

ಉತ್ತರದ ಬೀರು ತೆರೆದದ್ದು ಈ ವರ್ಷ ಹುಟ್ಟಿದ ಮೇಲೆ. ಅದಕ್ಕೆ ಮುಂಚೆ ನೋಡಿದ ಗಿಡಗಳಲ್ಲಿ ಕೊತ್ತಂಬರಿ ಬಿಟ್ಟರೆ ಒಂದರಲ್ಲೂ ಅಲೆ ಇಲ್ಲ, ಆಮೇಲೆ ನೋಡಿದ್ದರಲ್ಲೆಲ್ಲ ಅಲೆ. ನಾನು ಹೊಸ ಕವಲು ಎಂದು ಬರೆದದ್ದು ಗಿಡಗಳ ವಂಶವಲ್ಲ. ಆ ಹನ್ನೊಂದಕ್ಕೂ ಇರುವ ಏಕೈಕ ನಂಟು ನಾನು, ನನ್ನ ಬಲಗಣ್ಣು ಹಾಳಾದ ಮೇಲೆ ಅವನ್ನು ನೋಡಿದೆ ಎಂಬುದು. ರೂಪ ಒಂದೇ ಇದ್ದ ಮಾತ್ರಕ್ಕೆ ನಂಟೆನ್ನಬೇಡಿ, ಬೇರೆ ಕಾರಣ ಇದ್ದೀತು, ಹುಡುಕಿ, ಎಂದು ಹೊಸದಾಗಿ ಸೇರಿದವರಿಗೆ ಪಾಠ ಹೇಳಿದವಳು ನಾನೇ.

ಕುರ್ಚಿಯಲ್ಲಿ ಕೂತು ಅತ್ತೆ. ತಪ್ಪಾಯಿತೆಂದಲ್ಲ. ಕತ್ತಲೆಗೆ ಹೆದರಿ ಅತ್ತೆ.

ಮಾರ್ಚ್ 19

ಹೇಳಿದೆ.

ಇವರು ಚೌಕಟ್ಟಿನ ಹತ್ತಿರ ಕೂತು ಉಳಿ ಮಸೆಯುತ್ತಿದ್ದರು. "ರೀ, ಅದನ್ನ ಕೀಳಬೇಡಿ. ಚೌಕಟ್ಟು ಸರಿಯಾಗಿದೆ. ನನ್ನ ಬಲಗಣ್ಣು ಸರಿಯಿಲ್ಲ. ಅದಕ್ಕೆ ನೆಟ್ಟಗಿರೋದೆಲ್ಲ ಸೊಟ್ಟ ಕಾಣತ್ತೆ."

ಉಳಿ ನಿಂತಿತು. ಒಂದು ಗಳಿಗೆ, ಒಂದೇ ಗಳಿಗೆ, ಅವರ ಮುಖದಲ್ಲಿ ಸಮಾಧಾನ ಹಾದುಹೋಯಿತು. ಆಮೇಲೆ ಅದನ್ನು ನಾನು ನೋಡಿಬಿಟ್ಟೆ ಎಂದು ಗೊತ್ತಾಗಿ ತಲೆ ತಗ್ಗಿಸಿದರು.

"ಯಾವಾಗಿಂದ?"

"ಬಚ್ಚಲ ಟೈಲ್ಸ್ ಸೊಟ್ಟ ಕಂಡದ್ದು ಶುಕ್ರವಾರ. ಆದ್ರೆ ಅದಕ್ಕೂ ಮುಂಚೆ ಗೊತ್ತಿತ್ತು ಅನ್ಸತ್ತೆ."

"ಭಾನುವಾರ ನಾನು ಕೈ ಚಾಚಿ ನೋಡ್ಕೋತಿದ್ದಾಗ ನಿನಗೆ ಗೊತ್ತಿತ್ತು."

"ಗೊತ್ತಿತ್ತು. ಹೇಳಿದ್ರೆ ಅದು ನಿಜ ಆಗಿಬಿಡತ್ತೆ ಅಂತ ಹೆದರಿಕೆ ಆಯ್ತು ರೀ."

ಅವರು ಉಳಿಯನ್ನು ಒರೆಸಿ ಪಕ್ಕಕ್ಕಿಟ್ಟರು. ಬಯ್ಯಲಿ ಎಂದು ಕಾದೆ. "ನನ್ನ ಕೈ ಹೋಯ್ತು ಅಂತ ನಾನೂ ನಿನಗೆ ಹೇಳದೇ ಎಷ್ಟು ದಿನ ಒದ್ದಾಡಿದೆ" ಎಂದರು ಕೊನೆಗೆ. "ಚೆನ್ನಾಗಿದೆ ನಮ್ಮ ಜೋಡಿ. ಏಳು, ಚಪ್ಪಲಿ ಹಾಕ್ಕೋ." ಆಸ್ಪತ್ರೆ ಮುಚ್ಚಿರುವ ಹೊತ್ತು ಎಂದರೂ ಕೇಳಲಿಲ್ಲ. ಮುಚ್ಚಿದ ಬಾಗಿಲವರೆಗೆ ಹೋಗಿ ಕಾವಲಿನವನ ಹತ್ತಿರ ನಾಳೆಗೆ ಚೀಟಿ ಬರೆಸಿಕೊಂಡು ಬಂದೆವು.

ಮಾರ್ಚ್ 20, ಬುಧವಾರ

ಕಣ್ಣಿನ ಡಾಕ್ಟರಮ್ಮ ಮೊದಲು ಕೊಟ್ಟದ್ದು ಚೌಕುಳಿ ಗೆರೆಯ ಒಂದು ಕಾಗದ. ಎಡಗಣ್ಣು ಮುಚ್ಚಿ ನೋಡಿ, ಕಂಡ ಹಾಗೆ ಬರೆಯಿರಿ ಎಂದರು. ಬರೆದೆ. ನಡುವೆ ಗೆರೆಗಳು ಕುಸಿದು ಹೊಂಡಕ್ಕೆ ಇಳಿದಂತಿದ್ದವು. ಹೆಗಲ ಮೇಲಿಂದ ಬಗ್ಗಿ ನೋಡಿದ ಇವರು "ಅಯ್ಯೋ" ಎಂದು ಉಸಿರು ಬಿಟ್ಟರು. ನನಗೆ ಹೀಗೆ ಕಾಣುತ್ತದೆ ಎಂದು ಅವರಿಗೆ ಈಗ ಗೊತ್ತಾಯಿತು.

ಕಣ್ಣಿನ ಹಿಂದಿನ ಪರದೆಯ ಕೆಳಗೆ ಬೆಳೆಯಬಾರದ ರಕ್ತನಾಳ ಬೆಳೆದು ಸೋರುತ್ತಿದೆಯಂತೆ, ಅದಕ್ಕೇ ಪರದೆ ಉಬ್ಬಿದೆ. ಕಣ್ಣಿಗೇ ಸೂಜಿ ಹಾಕಬೇಕು, ತಿಂಗಳಿಗೊಂದರಂತೆ, ಕೆಲವು ತಿಂಗಳು.

"ಸರಿ ಹೋಗತ್ತಾ ಡಾಕ್ಟ್ರೇ?"

"ಸೋರೋದು ನಿಲ್ಲಬಹುದು. ಇರೋ ದೃಷ್ಟಿ ಉಳಿಸ್ಕೊಳ್ಳೋಕೆ ನೋಡೋಣ. ಪೂರ್ತಿ ಮೊದಲಿನ ಹಾಗೆ ಆಗತ್ತೆ ಅಂತ ನಾನು ಹೇಳಲ್ಲ. ಇನ್ನೂ ಸ್ವಲ್ಪ ದಿನ ಬಿಟ್ಟು ಬಂದಿದ್ರೆ ಇಷ್ಟೂ ಹೇಳ್ತಿರಲಿಲ್ಲ."

ದೊಡ್ಡಮ್ಮನ ವಿಷಯ ಹೇಳಿದೆ. ಅವರದೂ ಇದೇ ಇತ್ತೋ ಬೇರೆಯೋ, ಈಗ ಹೇಗೆ ಹೇಳೋದು ಎಂದರು. ಮೂಗು ಗಲ್ಲ ಒಂದೇ ಇದ್ದ ಮಾತ್ರಕ್ಕೆ ಕಣ್ಣೂ ಅವಳದೇ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ.

ಸೂಜಿ ಶುಕ್ರವಾರ. ನಾನು ದಿನಾ ಹಿಡಿಯುವ ಸೂಜಿಯೇ ಕಣ್ಣ ಮುಂದೆ ಬರುತ್ತಿದೆ. ಇಲ್ಲಿಯವರೆಗೆ ಎಷ್ಟು ಹೂಗಳ ಎದೆ ಸೀಳಿದ್ದೇನೆ, ಒಂದು ದಿನವೂ ಕೈ ಅಳುಕಿರಲಿಲ್ಲ.

ಮಾರ್ಚ್ 22

ಆಯಿತು. ನೋಯಲಿಲ್ಲ. ಹೆದರಿಕೆಯೇ ಹೆಚ್ಚು ನೋಯಿಸಿತು. ಬಲಗಣ್ಣಿಗೆ ಪಟ್ಟಿ. ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ಈ ಡೈರಿಯ ಗೆರೆಗಳು ನೆಟ್ಟಗಿವೆ.

ಮಾರ್ಚ್ 29, ಶುಕ್ರವಾರ

ಸಭೆ ಮುಗಿಯಿತು. ಹೆಡ್ ಮೇಡಂ ಮುಂದೂಡೋಣ ಎಂದಿದ್ದರು, ಬೇಡ ಎಂದೆ. ಹೊಸ ಕವಲು ಇಲ್ಲ, ಇದ್ದದ್ದು ನನ್ನ ಕಣ್ಣಿನ ಕಾಯಿಲೆ, ಎಂದು ಹೇಳಿ ಹನ್ನೊಂದರ ಮುಂದೆಯೂ 'ನೇರ' ಎಂದು ತಿದ್ದಿ ತೋರಿಸಿದೆ. ಯಾರೋ ಹಿಂದಿನ ಸಾಲಿನಲ್ಲಿ ಕೆಮ್ಮಿದರು. ಹೊರಗಿನಿಂದ ಬಂದಿದ್ದ ದೊಡ್ಡ ಮನುಷ್ಯರೊಬ್ಬರು, ಹಾಗಾದರೆ ನಿಮ್ಮ ಹಳೆಯ ಕೆಲಸವನ್ನೆಲ್ಲ ಎಷ್ಟು ನಂಬಬೇಕು ಎಂದು ಕೇಳಿದರು. ತಾವೇ ನೋಡಿ ನಂಬಿ ಎಂದೆ. ಸೊಕ್ಕಿನಿಂದ ಹೇಳಿದ್ದಲ್ಲ.

ಹೊರಗೆ ಪಿಪೆಟ್ ಕಾಯುತ್ತಿದ್ದ. "ಮೇಡಂ, ನನ್ನ ಸ್ಯಾಂಪಲ್ ಕಲಸಿರಲಿಲ್ಲ ಅಲ್ವಾ?"

"ಇಲ್ಲಪ್ಪ. ನಿನ್ನದು ಸರಿಯಿತ್ತು. ಅವತ್ತೇ ಹೇಳಬೇಕಿತ್ತು ನಾನು."

"ಎರಡು ವಾರ ನಿದ್ದೆ ಇಲ್ಲ ನನಗೆ" ಎಂದ, ನಗುತ್ತಲೇ. ಮಧ್ಯಾಹ್ನ ಒಂದು ಸ್ಟೂಲು ಎಳೆದುಕೊಂಡು ಬಂದು ನನ್ನ ಮೇಜಿನ ಆಚೆ ಕೂತ. ಲೆನ್ಸ್ ಅವನ ಕಣ್ಣಿಗೆ, ಸೂಜಿ ನನ್ನ ಕೈಗೆ. ಅವನು ಕಂಡದ್ದು ಹೇಳುತ್ತಾನೆ, ನಾನು ಮುಟ್ಟಿದ್ದು ಹೇಳುತ್ತೇನೆ, ಎರಡೂ ಕೂಡಿದರೆ ಮಾತ್ರ ಬರೆಯುತ್ತೇವೆ. ನಿಧಾನ ಆಗುತ್ತದೆ. ಲೆನ್ಸನ್ನು ತಲೆಕೆಳಗಾಗಿ ಹಿಡಿಯುತ್ತಾನೆ ಮಾರಾಯ.

ಏಪ್ರಿಲ್ 28, ಭಾನುವಾರ

ಎರಡನೆಯ ಸೂಜಿ ಆಗಿ ವಾರ ಕಳೆಯಿತು. ರಾತ್ರಿ ದೀಪ ಆರಿಸುವಾಗ ಈಗಲೂ ಕತ್ತಲೆಯ ಹೆದರಿಕೆ ಬರುತ್ತದೆ. ಅದು ಹೋಗುತ್ತದೆ ಎಂದು ಯಾರೂ ಹೇಳಿಲ್ಲ.

ಬಾಗಿಲು ಹಿಂದಿನ ಜಾಗಕ್ಕೆ ಬಂದಿದೆ. ಇವರು ಮೆಟ್ಟಿಲಿನ ಕೆಲಸವನ್ನೂ ಒಪ್ಪಿಕೊಂಡರು. ಭಾನುವಾರ ಮಧ್ಯಾಹ್ನವಾದರೆ ನನ್ನನ್ನು ಎಡ ಮಗ್ಗುಲಾಗಿ ಮಲಗಿಸುತ್ತಾರೆ, ಎಡಗಣ್ಣು ದಿಂಬಿಗೆ. ಚೌಕಟ್ಟಿನ ಹತ್ತಿರ ನಿಂತು ಕೇಳುತ್ತಾರೆ.

"ನೆಟ್ಟಗಿದೆಯಾ?"

ಇವತ್ತು ಹೌದು ಎಂದುಬಿಡೋಣ ಅನಿಸಿತು. ಅವರ ಮುಖ ನೋಡಿದರೆ ಹಾಗೆ ಅನಿಸುತ್ತದೆ.

"ಇಲ್ಲರೀ. ಸೊಟ್ಟಗೇ ಇದೆ."

"ಸದ್ಯ, ಹಾಗಾದ್ರೆ ನಾನು ಕೂರಿಸಿದ್ದು ಸರಿಯಾಗಿದೆ" ಎಂದು ಗಂಭೀರವಾಗಿ ಹೇಳಿ ಬೆರಳನ್ನು ಮರದ ಮೇಲೆ ಇಟ್ಟರು. "ಎಲ್ಲಿಂದ ಶುರು?" ಬೆರಳು ಮೇಲಿನಿಂದ ನಿಧಾನವಾಗಿ ಇಳಿಯಿತು. ಅಲ್ಲಿ ಎಂದೆ. ಅವರು ಮೊಳೆಯಿಂದ ಮರಕ್ಕೆ ಒಂದು ಗೀರು ಹಾಕಿದರು. ಪೆನ್ಸಿಲ್ ಗುರುತು ಸಾಲದೇ ಎಂದು ಮೊದಲ ಸಲ ಕೇಳಿದ್ದೆ. "ನಿನಗೆ ಮುಟ್ಟಿದ್ರೆ ಗೊತ್ತಾಗಬೇಕಲ್ಲ" ಎಂದಿದ್ದರು. ಕೈಯಾರೆ ಪಾಲಿಶ್ ಮಾಡಿದ ಮರ ಅದು, ಯಾರಾದರೂ ಉಗುರು ತಾಗಿಸಿದರೂ ಗುರ್ ಎನ್ನುತ್ತಿದ್ದವರು.

ಇವರು ಹೊರಗೆ ಹೋದ ಮೇಲೆ ಎದ್ದು ಹೋಗಿ, ಕಣ್ಣು ಮುಚ್ಚಿ, ಉಗುರಿನಿಂದ ತಡವಿದೆ. ಇದು ಹೋದ ವಾರದ ಗೀರು. ಅದರ ಕೆಳಗೆ ಇವತ್ತಿನದು. ಸೊಟ್ಟ ಶುರುವಾಗುವ ಜಾಗ ಕೆಳಗಿಳಿದಿದೆ, ನೆಟ್ಟಗೆ ಕಾಣುವ ಭಾಗ ಅಷ್ಟು ಹೆಚ್ಚಾಗಿದೆ. ಎರಡರ ನಡುವೆ ಸಂದು ಇದೆಯೇ, ನನಗೆ ಹಾಗೆ ಬೇಕಾಗಿದೆ ಎಂದು ಅನಿಸುತ್ತಿದೆಯೇ ಎಂದು ಮತ್ತೆ ಮತ್ತೆ ತಡವಿ ನೋಡಿದೆ. ಇದೆ. ಉಗುರಿನಷ್ಟೇ, ಆದರೆ ಇದೆ.